ಸಂದೇಶವಿರುವ ದರೋಡೆ

"ಮಾಮು, ಈ ಸಿನಿಮಾ ನೀವು ನೋಡಲೇಬೇಕು. ಬರೀ ಫೈಟಿಂಗ್ ಅಲ್ಲ, ಮೆಸೇಜ್ ಇದೆ" ಎಂದು ಸೋದರಳಿಯ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದು 2023ರ ಸೆಪ್ಟೆಂಬರಿನಲ್ಲಿ. ನಾವು ಕಥೆ ಬರೆಯುವವರು, ಸಭೆ ಸಮಾರಂಭಗಳಲ್ಲಿ ಸಾಹಿತ್ಯದ ಸಾಮಾಜಿಕ ಜವಾಬ್ದಾರಿಯ ಬಗ್ಗೆ ಮಾತನಾಡುವವರು. ನಮ್ಮನ್ನು ಚಿತ್ರಮಂದಿರದವರೆಗೆ ಎಳೆದು ತರಲು ಯಾವ ಮಾತು ಹೇಳಬೇಕೆಂದು ಹುಡುಗನಿಗೆ ಚೆನ್ನಾಗಿ ಗೊತ್ತು. ಗದಗಿನಿಂದ ಬಸ್ಸು ಹತ್ತಿ ಹೋದೆವು. ಮಾಲಿನೊಳಗಿನ ಥಿಯೇಟರು. ಟಿಕೆಟ್ಟಿನ ಬೆಲೆ ಕೇಳಿದಾಗ ಎದೆ ಸ್ವಲ್ಪ ಹೊಡೆದುಕೊಂಡಿತು, ಆದರೆ ಟಿಕೆಟ್ಟು ತೆಗೆದವನು ಅವನು.

ಚಿತ್ರ 'ಜವಾನ್'. ಅಟ್ಲಿ ನಿರ್ದೇಶನ, ಶಾರುಖ್ ಖಾನ್ ತಂದೆ ಮಗ ಎರಡೂ ಪಾತ್ರದಲ್ಲಿ. ನೋಡದವರಿಗಾಗಿ ಎರಡು ಮಾತು. ಮಹಿಳಾ ಜೈಲಿನಲ್ಲೇ ಹುಟ್ಟಿ ಬೆಳೆದ ಆಜಾದ್ ಎಂಬವನು ದೊಡ್ಡವನಾಗಿ ಅದೇ ಜೈಲಿನ ಜೈಲರ್ ಆಗುತ್ತಾನೆ. ಅಲ್ಲಿನ ಆರು ಮಂದಿ ಕೈದಿ ಹೆಣ್ಣುಮಕ್ಕಳ ತಂಡ ಕಟ್ಟಿ ಮುಂಬಯಿಯ ಮೆಟ್ರೋ ರೈಲನ್ನು ಅಪಹರಿಸುತ್ತಾನೆ. ಪ್ರಯಾಣಿಕರ ಜೀವಕ್ಕೆ ಬದಲಾಗಿ ಅವನು ಕೇಳುವುದು 40,000 ಕೋಟಿ ರೂಪಾಯಿ. ಆ ಹಣ ಹೋಗುವುದು ಸಾಲಗಾರ ರೈತರ ಖಾತೆಗಳಿಗೆ. ಆಮೇಲೆ ಆರೋಗ್ಯ ಮಂತ್ರಿಯ ಸರದಿ. ಸರ್ಕಾರಿ ಆಸ್ಪತ್ರೆಗಳನ್ನು ಸರಿಪಡಿಸಲು ಐದು ಗಂಟೆಯ ಗಡುವು. ಕೊನೆಗೆ ಮತಯಂತ್ರಗಳನ್ನೇ ದೋಚಿ, ಜಾತಿ ಧರ್ಮ ನೋಡಿ ಮತ ಹಾಕಬೇಡಿ, ಮತ ಕೇಳಲು ಬಂದವನಿಗೆ ಪ್ರಶ್ನೆ ಕೇಳಿ ಎಂದು ಕ್ಯಾಮೆರಾ ಕಡೆ ತಿರುಗಿ ನಾಯಕ ಜನರಿಗೆ ಹೇಳುತ್ತಾನೆ. ದರೋಡೆ ಚಿತ್ರದ ಸರಂಜಾಮೆಲ್ಲ ಇದೆ: ತಂಡ, ಯೋಜನೆ, ವೇಷ, ಗಡಿಯಾರದ ಮುಳ್ಳು, ತಪ್ಪಿಸಿಕೊಳ್ಳುವ ದಾರಿ. ವ್ಯತ್ಯಾಸವೆಂದರೆ ಕಳ್ಳ ಮಾಲನ್ನು ತನಗಾಗಿ ಇಟ್ಟುಕೊಳ್ಳುವುದಿಲ್ಲ.

ನಾವು ಅತ್ತೆವು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಟ್ರ್ಯಾಕ್ಟರಿಗೆಂದು ತೆಗೆದ 40,000 ರೂಪಾಯಿ ಸಾಲ ತೀರಿಸಲಾಗದೆ, ಬ್ಯಾಂಕಿನವರಿಂದ ಅವಮಾನವಾಗಿ ರೈತನೊಬ್ಬ ಸಾಯುವುದು, ಅದೇ ವ್ಯವಸ್ಥೆ ಒಬ್ಬ ಧಣಿಯ 40,000 ಕೋಟಿಯನ್ನು ಮನ್ನಾ ಮಾಡುವುದು. ಲೆಕ್ಕ ಸರಳ, ಆದರೆ ಸುಳ್ಳಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನಡುವಯಸ್ಸಿನವರೊಬ್ಬರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಾಲಿನ ಥಿಯೇಟರಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಮನುಷ್ಯನನ್ನು ಕಂಡದ್ದೇ ನಮಗೆ ಆ ದಿನದ ಸಂತೋಷ.

ಇನ್ನೊಂದು ವಿಷಯ ನಮ್ಮಂಥವರು ಮಾತ್ರ ಗಮನಿಸುವಂಥದ್ದು. ಆ ಆರು ಮಂದಿಯಲ್ಲಿ ಒಬ್ಬಳು ವೈದ್ಯೆ, ಹೆಸರು ಈರಂ. ಆಮ್ಲಜನಕವಿಲ್ಲದೆ ಮಕ್ಕಳು ಸತ್ತಾಗ, ಉಳಿಸಲು ಓಡಾಡಿದ ಅವಳ ಮೇಲೆಯೇ ಅಪವಾದ ಹೊರಿಸಿ ಜೈಲಿಗೆ ಹಾಕಿದ್ದಾರೆ. ಹಿಂದಿ ಸಿನಿಮಾದಲ್ಲಿ ನಮ್ಮವರೆಂದರೆ ಒಂದು ಕಾಲಕ್ಕೆ ನಮಾಜು ಮಾಡಿ ಹಿಂದೂ ಗೆಳೆಯನಿಗಾಗಿ ಪ್ರಾಣ ಕೊಡುವ ಚಾಚಾ, ಆಮೇಲಿನ ಕಾಲಕ್ಕೆ ಬಾಂಬು ಕಟ್ಟಿಕೊಂಡ ಹುಡುಗ. ಇಲ್ಲಿ ಒಬ್ಬ ಮುಸ್ಲಿಂ ಹೆಣ್ಣುಮಗಳು ವೈದ್ಯೆಯಾಗಿದ್ದಾಳೆ, ಆ ಬಗ್ಗೆ ಯಾರೂ ಭಾಷಣ ಬಿಗಿಯುವುದಿಲ್ಲ. ಮಗನನ್ನು 2021ರ ಅಕ್ಟೋಬರಿನಲ್ಲಿ ಜೈಲಿಗೆ ಕಳಿಸಿ, 2022ರ ಮೇ ತಿಂಗಳಲ್ಲಿ ಸಾಕ್ಷಿಯಿಲ್ಲವೆಂದು ಕೈಬಿಟ್ಟ ಪ್ರಕರಣವನ್ನು ತಂದೆಯಾಗಿ ಅನುಭವಿಸಿದ ನಟ ಈ ಚಿತ್ರ ಮಾಡಿದ್ದಾನೆ ಎಂಬುದೂ ಥಿಯೇಟರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಗನನ್ನು ಮುಟ್ಟುವ ಮೊದಲು ಅಪ್ಪನನ್ನು ಮಾತನಾಡಿಸು ಎಂಬ ಅರ್ಥದ ಸಂಭಾಷಣೆ ಬಂದಾಗ ಎದ್ದ ಶಿಳ್ಳೆಗೆ ಸೂರು ಹಾರಿಹೋಗಬೇಕಿತ್ತು.

ಹೊರಗೆ ಬಂದಾಗ ಅಳಿಯ ಕೇಳಿದ: "ನೂರಕ್ಕೆ ಎಷ್ಟು ಮಾಮು?" ನಾವು ಯೋಚಿಸದೆ "ತೊಂಬತ್ತು" ಎಂದೆವು. ಹತ್ತು ಕಡಿಮೆ ಮಾಡಿದ್ದು ಹಾಡುಗಳಿಗಾಗಿ. ಆ ವಾರವೇ ಚಿತ್ರದ ಬಗ್ಗೆ ಲೇಖನವೊಂದನ್ನು ಶುರುಮಾಡಿದೆವು. ಜನಪ್ರಿಯ ಸಿನಿಮಾ ಜನಪರವಾಗಬಲ್ಲದು ಎಂಬುದು ಅದರ ವಾದ. ಅರ್ಧದಷ್ಟು ಬರೆದದ್ದು ಹಾಗೆಯೇ ಉಳಿಯಿತು. ಆ ಹೊತ್ತಿಗೆ ಬೇರೆ ಕೆಲಸ ಬಂತು ಅಷ್ಟೆ, ದೊಡ್ಡ ಕಾರಣವೇನೂ ಇರಲಿಲ್ಲ.

ಕಾರಣ ಸಿಕ್ಕಿದ್ದು ನವೆಂಬರಿನಲ್ಲಿ. ಚಿತ್ರ ನೆಟ್‌ಫ್ಲಿಕ್ಸಿಗೆ ಬಂದಿತ್ತು. ಅಳಿಯ ರಜೆಗೆ ಊರಿಗೆ ಬಂದವನು ಮನೆಯ ಟಿ.ವಿ.ಗೆ ಏನೋ ತಂತಿ ಜೋಡಿಸಿ ತಾಯಿಗೂ ತೋರಿಸಲು ಕೂತ. ಆಪಾ ಬೀನ್ಸ್ ಬಿಡಿಸುತ್ತಾ ನೋಡುತ್ತಿದ್ದರು. ಈರಂಳ ಕಥೆ ಬಂದಾಗ ಕೈ ನಿಂತಿತು. ಆಸ್ಪತ್ರೆಗಳು ಐದು ಗಂಟೆಯಲ್ಲಿ ಸರಿಹೋಗುವ ಭಾಗ ಬಂದಾಗ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಎದ್ದು ಹೋದರು. ಅಳಿಯ ಸಿನಿಮಾ ನಿಲ್ಲಿಸಿದ. ಒಳಗಿನಿಂದಲೇ ಕೇಳಿದರು: "ಅವತ್ತು ನಾವು ಯಾರ ತಲೆಗೆ ಬಂದೂಕು ಇಡಬೇಕಿತ್ತು?"

ಅವತ್ತು ಎಂದರೆ 2021ರ ಮೇ. ರಮಜಾನಿನ ಇಪ್ಪತ್ತೆರಡನೆಯ ರೋಜಾ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ತೀರಿಕೊಂಡ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಬಂದಿತ್ತು. ಅದೇ ರಾತ್ರಿ ದುಲ್ಹಾಭಾಯಿಗೆ ಉಸಿರು ಹೆಚ್ಚಾಗಿ ಸಿಕ್ಕುಹಾಕಿಕೊಳ್ಳತೊಡಗಿತು. ಹಾಸಿಗೆಯೇನೋ ಸಿಕ್ಕಿತ್ತು, ಸಿಲಿಂಡರ್ ನಮ್ಮದೇ ತರಬೇಕು ಎಂದರು. ವೆಲ್ಡಿಂಗ್ ಕೆಲಸದ ಪರಿಚಯದವರ ಮೂಲಕ ದೊಡ್ಡ ಸಿಲಿಂಡರೊಂದನ್ನು ತುಂಬಿಸಿಕೊಂಡು ಟಂಟಂ ಗಾಡಿಯಲ್ಲಿ ಹಾಕಿ ತಂದೆವು. ಅಂಥ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಹೆಚ್ಚುಕಡಿಮೆ ಹನ್ನೆರಡು ಗಂಟೆ. ಈ ಗಣಿತ ಆ ತಿಂಗಳು ಊರಿನ ಎಲ್ಲರಿಗೂ ಬಾಯಿಪಾಠವಾಗಿತ್ತು. ಗೊತ್ತಿಲ್ಲದೆ ಹೋದದ್ದು ಒಂದೇ: ಸಿಲಿಂಡರಿನ ಬಾಯಿಗೆ ಕೂರಿಸುವ ರೆಗ್ಯುಲೇಟರ್ ಬೇರೆ ತರಬೇಕು ಎಂಬುದು. ಅಂಗೈಯಲ್ಲಿ ಹಿಡಿಯುವಷ್ಟರ ಸಾಮಾನು. ಅದಿಲ್ಲದಿದ್ದರೆ ಏಳು ಸಾವಿರ ಲೀಟರೂ ಕಬ್ಬಿಣದ ಕೊಳವೆಯೊಳಗೆ ಸುಮ್ಮನೆ ಕೂತಿರುತ್ತದೆ. ಇಡೀ ಊರಿನಲ್ಲಿ ರೆಗ್ಯುಲೇಟರಿಗೆ ಹಾಹಾಕಾರ. ಔಷಧಿ ಅಂಗಡಿಯವನು ಮನೆಯಿಂದ ಎದ್ದು ಬಂದು ಗೋದಾಮು ತೆಗೆದು ತೋರಿಸಿದ, ಇಲ್ಲ. ರಾತ್ರಿಪಾಳಿಯ ನರ್ಸ್, ನಮ್ಮ ಮಗಳ ವಯಸ್ಸಿನವಳು, ಬೇರೊಬ್ಬರ ರೆಗ್ಯುಲೇಟರನ್ನು ಹತ್ತು ಹತ್ತು ನಿಮಿಷಕ್ಕೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ನಡೆಸಿದಳು. ಸಹರಿಯ ಹೊತ್ತಿಗೆ ಮುಗಿಯಿತು.

ಯಾರ ತಲೆಗೆ? ನರ್ಸಿನ ತಲೆಗೋ, ಅಂಗಡಿಯವನ ತಲೆಗೋ? ಎಂದೋ ಒಂದು ಬೇಡಿಕೆಪಟ್ಟಿಯಲ್ಲಿ ರೆಗ್ಯುಲೇಟರಿನ ಸಾಲು ಬರೆಯದೆ ಬಿಟ್ಟ ಗುಮಾಸ್ತನ ತಲೆಗೋ? ಪಟ್ಟಿಯಲ್ಲಿ ಬರೆದಿದ್ದರೂ ಹಣ ಬಿಡುಗಡೆ ಮಾಡದವನು ಇನ್ನೊಬ್ಬ, ಅವನಿಗೆ ಹಣವೇ ಬಂದಿರಲಿಲ್ಲ ಎನ್ನುವವನು ಮತ್ತೊಬ್ಬ. ಚಿತ್ರದ ಈರಂಳ ಹಿಂದೆ ಇರುವ ನಿಜ ಘಟನೆಯೂ ಇಂಥದ್ದೇ ಅಲ್ಲವೆ? 2017ರ ಆಗಸ್ಟಿನಲ್ಲಿ ಗೋರಖಪುರದ ಬಿ.ಆರ್.ಡಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೆಲವೇ ದಿನಗಳೊಳಗೆ 60ಕ್ಕೂ ಹೆಚ್ಚು ಮಕ್ಕಳು ಸತ್ತರು. ಆಮ್ಲಜನಕ ಪೂರೈಸುತ್ತಿದ್ದ ಕಂಪನಿ ತನ್ನ ಬಿಲ್ಲು ಬಾಕಿ ಉಳಿದಿದೆ ಎಂದು ಸರಬರಾಜು ನಿಲ್ಲಿಸಿತ್ತು. ಸಾವಿಗೆ ಅದು ಕಾರಣವಲ್ಲ ಎಂದು ಸರ್ಕಾರ ಹೇಳಿತು. ಡಾ. ಕಫೀಲ್ ಖಾನ್ ಜೈಲಿಗೆ ಹೋದರು, 2018ರ ಏಪ್ರಿಲಿನಲ್ಲಿ ಹೈಕೋರ್ಟು ಜಾಮೀನು ಕೊಟ್ಟಿತು, 2021ರ ನವೆಂಬರಿನಲ್ಲಿ ಸರ್ಕಾರ ಅವರನ್ನು ನೌಕರಿಯಿಂದಲೇ ತೆಗೆದುಹಾಕಿತು. ಇಲ್ಲಿ ಖಳನಾಯಕ ಇಲ್ಲವೆಂದು ನಾವು ಹೇಳುತ್ತಿಲ್ಲ. ಹೊಣೆಗಾರರು ಇದ್ದಾರೆ, ಅವರಿಗೆ ಶಿಕ್ಷೆಯಾಗಬೇಕು. ಆದರೆ ಆ ಹೊಣೆ ಫೈಲಿನಿಂದ ಫೈಲಿಗೆ, ಮೇಜಿನಿಂದ ಮೇಜಿಗೆ ಹಂಚಿ ಹೋಗಿರುತ್ತದೆ. ಸಿನಿಮಾ ಅದನ್ನೆಲ್ಲ ಒಟ್ಟುಗೂಡಿಸಿ ಒಬ್ಬ ಮಂತ್ರಿಯ ಹಣೆಯಲ್ಲಿ ತಂದು ನಿಲ್ಲಿಸುತ್ತದೆ. ಗುರಿಯಿಡಲು ಅನುಕೂಲವಾಗಲಿ ಎಂದು.

ದುಲ್ಹಾಭಾಯಿ ಇದ್ದಿದ್ದರೆ ಈ ಚಿತ್ರಕ್ಕೆ ಎಷ್ಟು ಅಂಕ ಕೊಡುತ್ತಿದ್ದರು ಎಂದು ಯೋಚಿಸಿದ್ದೇವೆ. ಅವರದು ಗಡಿಯಾರ ರಿಪೇರಿಯ ಅಂಗಡಿ. ಶಾರುಖನನ್ನು 'ಬಾಜೀಗರ್' ಕಾಲದಿಂದ ಬಿಟ್ಟವರಲ್ಲ, ಆದ್ದರಿಂದ ಶಿಳ್ಳೆಯಂತೂ ಹೊಡೆಯುತ್ತಿದ್ದರು. ಆದರೆ ಕಳ್ಳತನದ ಚಿತ್ರಗಳ ಬಗ್ಗೆ ಅವರ ಅಳತೆಗೋಲು ಬೇರೆ. 'ಜ್ಯುವೆಲ್ ಥೀಫ್' ಆಗಲಿ, 'ವಿಕ್ಟೋರಿಯಾ ನಂ. 203' ಆಗಲಿ, ಟಿ.ವಿ.ಯಲ್ಲಿ ಬಂದಾಗೆಲ್ಲ ನೋಡುತ್ತಿದ್ದರು. ಬೀಗ ತೆಗೆಯುವ ದೃಶ್ಯವಿದ್ದರೆ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಅಂಗಡಿಯಿಂದ ಎದ್ದು ಬಂದು ನಿಲ್ಲುತ್ತಿದ್ದರು. "ಹೀಗೆ ತೆಗೆಯೋಕೆ ಆಗಲ್ಲ" ಎನ್ನುವುದು, ಅಥವಾ "ಹಾಂ, ಇವನು ಬಲ್ಲವನು" ಎನ್ನುವುದು. ಅಷ್ಟೇ ವಿಮರ್ಶೆ. ಕಳ್ಳ ಒಳ್ಳೆಯವನೋ ಕೆಟ್ಟವನೋ, ಮಾಲು ಬಡವರಿಗೆ ಹಂಚಿದನೋ ಇಲ್ಲವೋ ಅವರಿಗೆ ಬೇಕಿರಲಿಲ್ಲ. ಒಮ್ಮೆ ಮಾತ್ರ, "ಈ ಕಳ್ಳರು ಕೆಲಸ ಮಾಡುವಷ್ಟು ನಿಗಾ ಇಟ್ಟು ನಮ್ಮ ಮುನಿಸಿಪಾಲ್ಟಿ ನಲ್ಲಿ ರಿಪೇರಿ ಮಾಡಿದ್ದರೆ!" ಎಂದಿದ್ದು ನೆನಪು. ನಾವು ಆಗ ಅವರನ್ನು ಹಾಸ್ಯ ಮಾಡುತ್ತಿದ್ದೆವು. ಸಮಾಜದ ಪ್ರಜ್ಞೆ ಇಲ್ಲದ ಪ್ರೇಕ್ಷಕ ಎಂದು.

ನಮಗೆ ಆ ಪ್ರಜ್ಞೆ ಎರಡು ಕಡೆಯಿಂದ ಬಂದದ್ದು. ಉರ್ದು ಶಾಲೆಯ ಉಸ್ತಾದರು 1936ರ ಲಖನೌದ ಪ್ರಗತಿಶೀಲ ಲೇಖಕರ ಸಮ್ಮೇಳನದ ಕಥೆಯನ್ನು ಹಬ್ಬದ ಕಥೆಯಂತೆ ಹೇಳುತ್ತಿದ್ದರು, ಪ್ರೇಮಚಂದರು ಅಧ್ಯಕ್ಷತೆ ವಹಿಸಿದ್ದನ್ನು ತಾವೇ ಕಣ್ಣಾರೆ ಕಂಡವರಂತೆ. ಹೈಸ್ಕೂಲಿಗೆ ಕನ್ನಡಕ್ಕೆ ಬಂದರೆ ಅಲ್ಲಿ ಬಂಡಾಯದ ಗುರುಗಳು. ಬರಹ ಯಾರ ಪರ ಎಂಬುದೇ ಮೊದಲ ಪ್ರಶ್ನೆ. ಆ ಪ್ರಶ್ನೆ ನಮ್ಮನ್ನು ಮನುಷ್ಯರನ್ನಾಗಿ ಮಾಡಿದೆ, ಅದನ್ನು ಹಗುರಾಗಿ ಆಡುವ ಇರಾದೆಯಿಲ್ಲ. ಆದರೂ ಅದೇ ಪ್ರಗತಿಶೀಲರು ಮಂಟೋನನ್ನು ದೂರ ಇಟ್ಟಿದ್ದರು ಎಂಬುದನ್ನು ಉಸ್ತಾದರು ನಮಗೆ ಹೇಳಲಿಲ್ಲ. ಬಹಳ ವರ್ಷಗಳ ಮೇಲೆ ನಾವೇ ಓದಿ ತಿಳಿದುಕೊಂಡೆವು.

ತಿಳಿದುಕೊಂಡು ಮಾಡಿದ್ದೇನು? ಕೆಲವು ವರ್ಷಗಳ ಹಿಂದೆ ಕಾಲೇಜು ವಿದ್ಯಾರ್ಥಿಗಳ ಕಥಾಸ್ಪರ್ಧೆಯೊಂದಕ್ಕೆ ತೀರ್ಪುಗಾರರಾಗಿದ್ದೆವು. ಒಂದು ಕಥೆಯಲ್ಲಿ ಅಣ್ಣ ತಮ್ಮ ಸೇರಿ ಸರ್ಕಾರಿ ಬೋರ್‌ವೆಲ್ಲಿನ ಮೋಟಾರು ಕದಿಯುತ್ತಾರೆ. ಸಾಗಿಸಿಯೂ ಆಗುತ್ತದೆ. ಮಳೆ ಬರುವ ಹಾಗೆ ಕಾಣುತ್ತದೆ. ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆರೆದೇ ಬಂದೆವಲ್ಲ, ನೀರು ಹೋದರೆ ಹಾಳಾಗುತ್ತದೆ ಎಂದು ತಮ್ಮ ಮುಚ್ಚಲು ವಾಪಸು ಹೋಗುತ್ತಾನೆ. ಅಲ್ಲಿ ಸಿಕ್ಕಿಬೀಳುತ್ತಾನೆ. ಅಷ್ಟೇ ಕಥೆ. ನಾವು ಅದರ ಅಂಚಿನಲ್ಲಿ "ಸಾಮಾಜಿಕ ಕಾಳಜಿ ಸಾಲದು" ಎಂದು ಬರೆದು ನೂರಕ್ಕೆ ನಲವತ್ತೆರಡು ಕೊಟ್ಟೆವು. ಮೊದಲ ಬಹುಮಾನ ಹೋದದ್ದು ಕೋಮುಸೌಹಾರ್ದದ ಬಗೆಗಿನ ಕಥೆಗೆ. ಅದರ ಹೆಸರಾಗಲಿ ಪಾತ್ರಗಳಾಗಲಿ ಇಂದು ಒಂದೂ ನೆನಪಿಲ್ಲ. ಆ ಮುಚ್ಚಳ ಮಾತ್ರ ಮಳೆ ಬಂದಾಗೆಲ್ಲ ನೆನಪಾಗುತ್ತದೆ.

ದರೋಡೆಗೆ ಸಂದೇಶ ಸೇರಿಸುವುದು ಅಟ್ಲಿಯಿಂದ ಶುರುವಾದದ್ದಲ್ಲ. ನಮ್ಮ ಕಡೆಯವರಿಗೆ ಸಿಂಧೂರ ಲಕ್ಷ್ಮಣನ ನಾಟಕ ಗೊತ್ತು. ಉಳ್ಳವರನ್ನು ದೋಚಿ ಇಲ್ಲದವರಿಗೆ ಕೊಟ್ಟವನು, ಬ್ರಿಟಿಷರ ಕೈಗೆ ಸಿಗದೆ ಕಾಡಿದವನು ಎಂದು ಲಾವಣಿಗಳಲ್ಲೂ ನಾಟಕ ಕಂಪನಿಗಳಲ್ಲೂ ಬದುಕಿದವನು. ಚಿಕ್ಕಂದಿನಲ್ಲಿ ಅಜ್ಜಿಯ ಊರಿನಲ್ಲಿ ಊರವರೇ ಸೇರಿ ಆ ನಾಟಕ ಆಡಿದ್ದನ್ನು ನೋಡಿದ್ದೆವು. ಲಕ್ಷ್ಮಣ ಸಾಹುಕಾರನ ತಿಜೋರಿ ಒಡೆದು ಸಾಲದ ಪತ್ರಗಳನ್ನು ಸುಡುವ ದೃಶ್ಯಕ್ಕೆ ಜನ ಎದ್ದು ನಿಂತು ಕೇಕೆ ಹಾಕಿದರು. ಪರದೆ ಬಿದ್ದ ಕೂಡಲೇ ಮೈಕಿನಲ್ಲಿ ಬಹುಮಾನದ ಘೋಷಣೆ. ಆ ಊರಿನಲ್ಲಿ ಬಡ್ಡಿ ವ್ಯವಹಾರ ಮಾಡುತ್ತಿದ್ದ ಧಣಿ ಸ್ವತಃ ರಂಗದ ಮೇಲೆ ಬಂದು ಲಕ್ಷ್ಮಣನ ಪಾತ್ರಧಾರಿಯ ಎದೆಗೆ ನೂರರ ನೋಟು ಪಿನ್ನು ಮಾಡಿದರು. ಅವರಿಗೂ ಬಿದ್ದಿತು ಚಪ್ಪಾಳೆ. ಲಕ್ಷ್ಮಣನಿಗಿಂತ ಒಂದು ಗುಕ್ಕು ಹೆಚ್ಚೇ. ಮರುದಿನ ಆ ಪಾತ್ರಧಾರಿ ಅವರ ಹೊಲದಲ್ಲಿ ಎಂದಿನಂತೆ ಕೆಲಸಕ್ಕಿದ್ದ. 'ಜವಾನ್' ಜಗತ್ತಿನಾದ್ಯಂತ ಗಳಿಸಿದ ಹಣ ಸಾವಿರ ಕೋಟಿ ದಾಟಿದ ಸುದ್ದಿ ಓದಿದಾಗ ಆ ಪಿನ್ನು ಮಾಡಿದ ನೋಟು ಕಣ್ಣ ಮುಂದೆ ಬಂತು.

ಉಳ್ಳವರ ತಿಜೋರಿ ಎನ್ನುತ್ತೇವೆ. ಅದರೊಳಗೆ ಇರುವುದು ಯಾರ ಮಾಲು? ನಾವು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಹತ್ತಿರದ ಗಿರವಿ ಅಂಗಡಿ ಕಳುವಾಯಿತು. ಪ್ರತಿ ಜೂನಿನಲ್ಲಿ ಶಾಲೆಯ ಖರ್ಚಿಗೆಂದು ಅಮ್ಮಿಯ ಎರಡು ಬಳೆ ಅಲ್ಲಿಗೆ ಹೋಗುತ್ತಿದ್ದವು, ಈದಿಗೆ ಮೊದಲು ಹೇಗೋ ವಾಪಸಾಗುತ್ತಿದ್ದವು. ಬಡ್ಡಿ ಹರಾಮು ಎಂಬ ಕಾರಣಕ್ಕೆ ಅಮ್ಮಿ ಆ ಪದವನ್ನೇ ಬಾಯಲ್ಲಿ ಆಡುತ್ತಿರಲಿಲ್ಲ, "ಸೇಟುವಿನ ಖರ್ಚು" ಎನ್ನುತ್ತಿದ್ದರು. ಕಳುವಾದ ಬೆಳಿಗ್ಗೆ ಅಂಗಡಿಯ ಮುಂದೆ ನೆರೆದು ಎದೆ ಬಡಿದುಕೊಳ್ಳುತ್ತಿದ್ದವರಲ್ಲಿ ಸೇಟು ಒಬ್ಬರು. ಉಳಿದವರೆಲ್ಲ ಬುರ್ಖಾ ಹೊದ್ದ, ಸೆರಗು ಹೊದ್ದ ಹೆಂಗಸರು. ಮಾಲು ಅವರದಾಗಿತ್ತು. ಅಮ್ಮಿಯ ಬಳೆ ಸಿಗಲಿಲ್ಲ. ಅದಾದ ಮೇಲೆ ಸಿಂಧೂರ ಲಕ್ಷ್ಮಣನ ನಾಟಕ ನೋಡಲು ಅಮ್ಮಿ ಬರಲಿಲ್ಲ.

ಇದೆಲ್ಲ ಒಟ್ಟಿಗೆ ನೆನಪಾದದ್ದು ಒಂದು ಇಟಾಲಿಯನ್ ಚಿತ್ರದಿಂದ. ಗೆಳೆಯರೊಬ್ಬರ ಸಂಗ್ರಹದ ಡಿ.ವಿ.ಡಿ.ಯಲ್ಲಿ ಬಹಳ ಹಿಂದೆ ನೋಡಿದ್ದು, ಆಪಾ ಎದ್ದು ಹೋದ ಆ ಸಂಜೆಯ ನಂತರ ಹುಡುಕಿ ಮತ್ತೊಮ್ಮೆ ನೋಡಿದೆವು. ಮಾರಿಯೋ ಮೊನಿಚೆಲ್ಲಿ 1958ರಲ್ಲಿ ಮಾಡಿದ 'ಇ ಸೋಲಿತಿ ಇನ್ಯೋತಿ'. ಹೆಸರಿನ ಅರ್ಥ ಸುಮಾರಾಗಿ 'ಅವರೇ, ಯಾವಾಗಿನ ಅಪರಿಚಿತರು' ಎಂದು. ನಮ್ಮ ಪತ್ರಿಕೆಗಳ 'ಅಪರಿಚಿತ ದುಷ್ಕರ್ಮಿಗಳು' ಇದ್ದಹಾಗೆ, ಪೊಲೀಸು ವರದಿಯ ಭಾಷೆ. ರೋಮ್ ನಗರದ ಕೆಲಸವಿಲ್ಲದ ಐದಾರು ಮಂದಿ ಒಂದು ಗಿರವಿ ಸಂಸ್ಥೆಯ ತಿಜೋರಿ ಒಡೆಯಲು ಹೊರಡುತ್ತಾರೆ. ಹೌದು, ಗಿರವಿಯದೇ. ಅವರಲ್ಲೊಬ್ಬ ಫೋಟೋಗ್ರಾಫರ್. ಅವನ ಹೆಂಡತಿ ಸಿಗರೇಟು ಕಳ್ಳಸಾಗಣೆಗಾಗಿ ಜೈಲಿನಲ್ಲಿದ್ದಾಳೆ, ಹಸುಗೂಸು ಇವನ ಕಂಕುಳಲ್ಲಿ, ಕ್ಯಾಮೆರಾ ಮಾರಿಯಾಗಿದೆ. ಇನ್ನೊಬ್ಬ ತಂಗಿಯನ್ನು ಮನೆಯೊಳಗೆ ಕೂಡಿಹಾಕುವ ಸಿಸಿಲಿಯವನು. ಮತ್ತೊಬ್ಬ ಮುದುಕ, ಸದಾ ಏನಾದರೂ ತಿನ್ನುತ್ತಲೇ ಇರುತ್ತಾನೆ. ತಿಜೋರಿ ಒಡೆಯುವ ವಿದ್ಯೆ ಹೇಳಿಕೊಡಲು ಒಬ್ಬ ಮೇಷ್ಟ್ರೂ ಇದ್ದಾನೆ, ಆ ಪಾತ್ರದಲ್ಲಿ ತೊತೊ ಎಂಬ ಮಹಾ ಹಾಸ್ಯನಟ. ದುಲ್ಹಾಭಾಯಿ ಕಂಡಿದ್ದರೆ ಅವನ ಕೈಗೆ ಮುತ್ತಿಡುತ್ತಿದ್ದರು.

ಇನ್ನೊಬ್ಬ ಕಳ್ಳ ಗಿರವಿ ಕಟ್ಟೆಗೆ ಹೋಗಿ ಗುಮಾಸ್ತನ ಮುಂದೆ ಪಿಸ್ತೂಲು ತೆಗೆಯುತ್ತಾನೆ. ಗುಮಾಸ್ತ ಅದನ್ನು ತಿರುಗಿಸಿ ನೋಡಿ, ಗಿರವಿ ಇಡಲು ಬಂದ ಸಾಮಾನು ಎಂದುಕೊಂಡು ಬೆಲೆ ಕಟ್ಟುತ್ತಾನೆ! ನಾವು ಈ ದೃಶ್ಯಕ್ಕೆ ನಕ್ಕು ನಕ್ಕು ಆಮೇಲೆ ಸುಮ್ಮನಾದೆವು. ಬಂದೂಕಿನ ಮುಂದೆ ಮಂತ್ರಿ ನಡುಗಿ ಆಸ್ಪತ್ರೆ ಕಟ್ಟಿಸುವ ಚಿತ್ರ ಒಂದು ಕಡೆ, ಬಂದೂಕನ್ನೂ ಒಂದು ಹಳೆಯ ಸಾಮಾನಾಗಿ ಮಾತ್ರ ಕಾಣುವ ಗುಮಾಸ್ತನ ಚಿತ್ರ ಇನ್ನೊಂದು ಕಡೆ. ನಾವು ಬದುಕಿನಲ್ಲಿ ಕಂಡಿರುವುದು ಎರಡನೆಯವನನ್ನು. ಆ ರಾತ್ರಿ ನಾವು ಪಿಸ್ತೂಲು ಹಿಡಿದು ಹೋಗಿದ್ದರೂ ಯಾವುದೋ ಕಿಟಕಿಯ ಹಿಂದಿನಿಂದ "ಅರ್ಜಿ ಕೊಡಿ, ಆಧಾರ್ ಜೆರಾಕ್ಸ್ ಇಡಿ" ಎಂಬ ಮಾತೇ ಬರುತ್ತಿತ್ತು.

ಕೊನೆಗೆ ಆ ಕಳ್ಳರು ಬಹಳ ಶ್ರಮಪಟ್ಟು ಗೋಡೆ ಒಡೆಯುತ್ತಾರೆ. ಒಡೆದದ್ದು ತಪ್ಪು ಗೋಡೆ. ಆಚೆ ತಿಜೋರಿಯಿಲ್ಲ, ಅದೇ ಮನೆಯ ಅಡುಗೆಮನೆ. ಅಲ್ಲಿ ಸಿಕ್ಕ ಕಡಲೆಕಾಳು ಹಾಕಿದ ಪಾಸ್ತಾ ತಿಂದು, ಬೆಳಗಿನ ಜಾವ ಒಬ್ಬೊಬ್ಬರಾಗಿ ಚದುರುತ್ತಾರೆ. ಒಬ್ಬ ಪೊಲೀಸರ ಕಣ್ಣು ತಪ್ಪಿಸಲು ಕೂಲಿಗೆ ನಿಂತ ಜನರ ಗುಂಪಿನೊಳಗೆ ಸೇರಿಕೊಂಡು, ನೂಕಿಸಿಕೊಂಡು, ಕೆಲಸದ ಗೇಟಿನೊಳಗೇ ಹೋಗಿಬಿಡುತ್ತಾನೆ. ಭಾಷಣವಿಲ್ಲ. ನಿರುದ್ಯೋಗ ಎಂಬ ಪದವನ್ನು ಯಾರೂ ಒತ್ತಿ ಹೇಳುವುದಿಲ್ಲ. ಆದರೆ ಕಳ್ಳತನಕ್ಕೆ ಹೊರಟವರ ಹಸಿವು, ಅವರ ಕೈಯ ಕಸುಬು, ಅವರು ಒಡೆಯಬೇಕಾದ ಗೋಡೆ ಎಲ್ಲಿದೆ ಎಂದು ಅವರಿಗೇ ಗೊತ್ತಿಲ್ಲದಿರುವುದು, ಎಲ್ಲವೂ ಆ ಅಡುಗೆಮನೆಯಲ್ಲಿದೆ. ದರೋಡೆ ಚಿತ್ರದ ರಾಜಕೀಯ ಇರುವುದು ಅದು ಯಾವುದನ್ನು ಬೀಗ ಎಂದುಕೊಂಡಿದೆ ಎಂಬುದರಲ್ಲಿ ಎಂದು ಈಗ ನಮಗೆ ಅನಿಸುತ್ತದೆ. 'ಜವಾನ್' ಪಾಲಿಗೆ ಬೀಗವೆಂದರೆ ಒಬ್ಬ ಮನುಷ್ಯ; ಹೆದರಿಸಿದರೆ ತೆರೆದುಕೊಳ್ಳುತ್ತಾನೆ. ದುಲ್ಹಾಭಾಯಿಯನ್ನು ಕೊಂದ ಬೀಗ ಅಂಗೈಯಗಲದ್ದು, ಅದಕ್ಕೆ ಹೆದರಿಕೆಯೇ ಗೊತ್ತಿಲ್ಲ.

ಇದನ್ನು ಅಳಿಯನಿಗೆ ವಿವರಿಸಿದಾಗ ಅವನಿಗೆ ಸಿಟ್ಟು ಬಂತು. "ಮಾಮು, ನಿಮ್ಮ ಆ ಕಪ್ಪುಬಿಳುಪು ಸಿನಿಮಾವನ್ನು ಈ ಊರಲ್ಲಿ ಎಷ್ಟು ಜನ ನೋಡಿದ್ದಾರೆ? ಅಬ್ಬಾ ಸತ್ತದ್ದನ್ನು ಯಾರು ಮಾತಾಡಿದರು? ಪೇಪರಿನಲ್ಲಿ ಒಂದು ಸಂಖ್ಯೆಯಾಗಿಯಾದರೂ ಬಂದರಾ? ಇವನೊಬ್ಬ ಪರದೆ ಮೇಲೆ ನಿಂತು ಹೇಳಿದ. ನೀವು ಅವನ ಬೀಗ ಸರಿಯಿಲ್ಲ ಅಂತೀರಿ" ಎಂದ. ಉತ್ತರ ಸುಲಭವಾಗಿ ಬರಲಿಲ್ಲ. ಡಾ. ಕಫೀಲ್ ಖಾನರೂ ಶಾರುಖ್‌ಗೆ ಬಹಿರಂಗ ಪತ್ರ ಬರೆದು ಕೃತಜ್ಞತೆ ಹೇಳಿದ್ದರು. ಸಿನಿಮಾದಲ್ಲಿ ತಪ್ಪಿತಸ್ಥ ಸಿಕ್ಕಿಬಿದ್ದ, ನಿಜಜೀವನದಲ್ಲಿ ಹಾಗಾಗಲಿಲ್ಲ, ತಾನು ಇನ್ನೂ ನೌಕರಿ ವಾಪಸು ಪಡೆಯಲು ಹೆಣಗುತ್ತಿದ್ದೇನೆ ಎಂಬುದೂ ಆ ಪತ್ರದಲ್ಲಿತ್ತು. ಅನುಭವಿಸಿದವರೇ ಧನ್ಯವಾದ ಹೇಳಿದ ಮೇಲೆ ಅಂಕ ಕಡಿತ ಮಾಡಲು ನಾವು ಯಾರು? ಮೊನಿಚೆಲ್ಲಿಗೆ ಅಂಥ ಪತ್ರ ಯಾರೂ ಬರೆದಿರಲಾರರು. ತೊಂಬತ್ತನ್ನು ಎಷ್ಟಕ್ಕೆ ಇಳಿಸಬೇಕೆಂದು ನಮಗೆ ಇವತ್ತಿಗೂ ಬಗೆಹರಿದಿಲ್ಲ. ಆ ನಲವತ್ತೆರಡು ಕೊಟ್ಟ ಕಥೆಯ ಹುಡುಗ ಎಲ್ಲಿದ್ದಾನೋ, ಬರೆಯುವುದನ್ನು ಬಿಟ್ಟಿರದಿದ್ದರೆ ಸಾಕು.

ಆ ಸಂಜೆಯ ಮಾತು ಮುಗಿಸಬೇಕು. ಆಪಾ ಅಡುಗೆಮನೆಯಲ್ಲಿ ಉಳಿದರು. ನಾವೂ ಅಳಿಯನೂ ಸ್ವರ ಸಣ್ಣದು ಮಾಡಿ ಚಿತ್ರವನ್ನು ಕೊನೆಯವರೆಗೆ ನೋಡಿದೆವು. ಇಶಾ ನಮಾಜು ಮುಗಿಸಿ, ಊಟ ಬಡಿಸುವಾಗ ಆಪಾ ತಲೆ ಎತ್ತದೆ ಕೇಳಿದರು: "ಆ ಡಾಕ್ಟರ್ ಹುಡುಗಿಯದು ಏನಾಯ್ತು? ತಪ್ಪು ಅವಳದಲ್ಲ ಅಂತ ಗೊತ್ತಾಯ್ತಾ?"

"ಆಯ್ತು ಆಪಾ. ನಿಜವಾದ ತಪ್ಪಿತಸ್ಥ ಸಿಕ್ಕಿಬಿದ್ದ."

"ಅಲ್ಹಮ್ದುಲಿಲ್ಲಾ" ಎಂದರು. ಅಳಿಯ ನಮ್ಮ ಕಡೆ ಗೆದ್ದವನಂತೆ ನೋಡಿದ. ಇನ್ನೊಂದು ಸೌಟು ಸಾರು ಹಾಕುತ್ತಾ ಆಪಾ ಮತ್ತೆ ಕೇಳಿದರು: "ಕೆಲಸ ವಾಪಸು ಕೊಟ್ಟರಾ?"

ಎರಡು ಸಲ ನೋಡಿದ್ದರೂ ಅದನ್ನು ನಾವು ಗಮನಿಸಿರಲಿಲ್ಲ.